ಬೆಲ್ ಹೊಡೆದವರೇ ನಿಲ್ಲಬೇಕು

ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಟ್ರೇಲ್, ಅಂದರೆ ಮಣ್ಣಿನ ಕಾಲುಹಾದಿ, ಶುರುವಾಗುವ ಕಡೆ ಒಂದು ತ್ರಿಕೋನದ ಬೋರ್ಡ್ ಕಾಣುತ್ತದೆ. ಒಂದು ಮೂಲೆಯಲ್ಲಿ ಕುದುರೆ, ಇನ್ನೊಂದರಲ್ಲಿ ನಡೆದು ಹೋಗುವ ಮನುಷ್ಯ, ಮತ್ತೊಂದರಲ್ಲಿ ಸೈಕಲ್. ನಡುವೆ ಬಾಣಗಳು. ಸೈಕಲ್‌ನವರು ಉಳಿದಿಬ್ಬರಿಗೂ ದಾರಿ ಬಿಡಬೇಕು. ನಡೆಯುವವರು, ಓಡುವವರು ಕುದುರೆಗೆ ದಾರಿ ಬಿಡಬೇಕು. ಕುದುರೆ ಯಾರಿಗೂ ಬಿಡಬೇಕಾಗಿಲ್ಲ. ಓದು ಬರದವರಿಗೂ ಅರ್ಥವಾಗುವಂಥ ಬೋರ್ಡ್ ಅದು. ಆದರೆ ಅದರ ಪ್ರಕಾರ ನಡೆದುಕೊಳ್ಳುವುದನ್ನು ಕಲಿಯೋಕೆ ಇಲ್ಲಿನ ಜನಕ್ಕೆ ಹತ್ತಾರು ವರ್ಷ ಬೇಕಾಯಿತು. ಜಗಳ, ದಂಡ, ಸಭೆ ಎಲ್ಲ ಆಯಿತು. ಇನ್ನೂ ಪೂರ್ತಿ ಮುಗಿದಿಲ್ಲ.

ನಾನಿರುವುದು ಕ್ಯುಪರ್ಟಿನೊ ಹತ್ತಿರ. ವಾರದ ದಿನಗಳಲ್ಲಿ ಆಫೀಸಿಗೆ ಮುಂಚೆ ಗುಡ್ಡದಲ್ಲಿ ಓಡುತ್ತೇನೆ. ಶನಿವಾರ ಅದೇ ಗುಡ್ಡಕ್ಕೆ ಮೌಂಟನ್ ಬೈಕ್ ತೆಗೆದುಕೊಂಡು ಹೋಗುತ್ತೇನೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರ ಜೊತೆ ನಿಧಾನಕ್ಕೆ ನಡೆಯುತ್ತೇನೆ. ಹೀಗಾಗಿ ಒಂದೇ ಹಾದಿಯನ್ನು ಮೂರು ವೇಗದಲ್ಲಿ ನೋಡುವುದು ರೂಢಿಯಾಗಿದೆ. ಸೈಕಲ್ ಮೇಲೆ ಕೂತಾಗ ತುಂಬ ಅಗಲ ಅನ್ನಿಸುವ ತಿರುವು, ಅಮ್ಮನ ಪಕ್ಕದಲ್ಲಿ ನಡೆಯುವಾಗ ಇಕ್ಕಟ್ಟು ಅನ್ನಿಸುತ್ತದೆ. ಮಣ್ಣು ಅದೇ, ಮರ ಅದೇ. ಹಿಂದಿನಿಂದ ಏನು ಬರುತ್ತದೋ ಅನ್ನುವ ಯೋಚನೆ ಮಾತ್ರ ಹೊಸದು.

ಜಾಸ್ತಿ ಹೋಗುವುದು ಫ್ರೀಮಾಂಟ್ ಓಲ್ಡರ್ ಅನ್ನುವ ಜಾಗಕ್ಕೆ. ಕನ್ನಡದವರು ತುಂಬ ಇರುವ ಫ್ರೀಮಾಂಟ್ ಊರಿಗೂ ಇದಕ್ಕೂ ಸಂಬಂಧವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪತ್ರಿಕೆಯ ಸಂಪಾದಕರಾಗಿದ್ದ ಫ್ರೀಮಾಂಟ್ ಓಲ್ಡರ್ ಎಂಬುವರ ಮನೆ ಈ ಗುಡ್ಡದಲ್ಲಿತ್ತು, ಅವರ ಹೆಸರೇ ಉಳಿಯಿತು. ಹಂಟರ್ಸ್ ಪಾಯಿಂಟ್ ಎನ್ನುವ ದಿಬ್ಬದ ಮೇಲೆ ನಿಂತರೆ ಕೆಳಗೆ ಸಿಲಿಕಾನ್ ವ್ಯಾಲಿ ಹರಡಿಕೊಂಡಿರುತ್ತದೆ. ಅಷ್ಟು ದುಬಾರಿ ನೆಲದ ಪಕ್ಕದಲ್ಲೇ ಇಷ್ಟು ಗುಡ್ಡ ಖಾಲಿ ಉಳಿದದ್ದು ಸುಮ್ನೆ ಅಲ್ಲ. 1972ರಲ್ಲಿ ಇಲ್ಲಿನ ಜನ ಮತ ಹಾಕಿ ಮಿಡ್‌ಪೆನಿನ್ಸುಲಾ ರೀಜನಲ್ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್ ಅನ್ನುವ ಸಂಸ್ಥೆ ಮಾಡಿಕೊಂಡರು. ಊರು ಗುಡ್ಡ ಹತ್ತದಂತೆ ಜಾಗ ಕೊಂಡು ಉಳಿಸುವುದು ಅದರ ಕೆಲಸ. ಈಗ 65 ಸಾವಿರ ಎಕರೆಗೂ ಜಾಸ್ತಿ ಜಾಗ ಅದರ ಕೈಯಲ್ಲಿದೆ. ಇಲ್ಲಿ ಮನೆ ಇರುವವರ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ಹಾಗಾಗಿ ನಡೆಯುವವರೂ ನಮ್ಮದು ಅನ್ನುತ್ತಾರೆ, ಸೈಕಲ್‌ನವರೂ ನಮ್ಮದು ಅನ್ನುತ್ತಾರೆ. ಇಬ್ಬರ ಮಾತೂ ನಿಜ.

ವೇಗಕ್ಕೆ ಮಿತಿ ಇದೆ. ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್. ಯಾರನ್ನಾದರೂ ದಾಟುವಾಗ, ಮುಂದೆ ಕಾಣದ ತಿರುವಿನಲ್ಲಿ ಅದು 5 ಮೈಲಿಗೆ ಇಳಿಯಬೇಕು. ಅಂದರೆ ಸುಮಾರು 8 ಕಿಲೋಮೀಟರ್. ಆರಾಮಾಗಿ ಓಡುವವರ ವೇಗ ಅದು. ರೇಂಜರ್‌ಗಳು ಸ್ಪೀಡ್ ಅಳೆಯುವ ರಾಡಾರ್ ಹಿಡಿದು ಗುಡ್ಡದಲ್ಲಿ ನಿಲ್ಲುವುದೂ ಉಂಟು, ದಂಡ ಹಾಕುವುದೂ ಉಂಟು. ಊರಿನ ಗೆಳೆಯರಿಗೆ ಇದನ್ನು ಹೇಳಿದರೆ ನಗುತ್ತಾರೆ, ಕಾಡಿನಲ್ಲಿ ಸೈಕಲ್‌ಗೆ ಟ್ರಾಫಿಕ್ ಪೊಲೀಸಾ ಅಂತ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ತಿರುವಿನಲ್ಲಿ ಮುಂದಿನ ಹತ್ತು ಮೀಟರ್ ಮಾತ್ರ ಕಾಣುತ್ತದೆ ಅಂತಿಟ್ಟುಕೊಳ್ಳಿ. 24 ಕಿಲೋಮೀಟರ್ ವೇಗದಲ್ಲಿ ಆ ಹತ್ತು ಮೀಟರ್ ಮುಗಿಯೋಕೆ ಒಂದೂವರೆ ಸೆಕೆಂಡ್ ಸಾಕು. ಅಷ್ಟರಲ್ಲಿ ನೋಡಬೇಕು, ಅದು ಮನುಷ್ಯ ಅಂತ ಗೊತ್ತಾಗಬೇಕು, ಬ್ರೇಕ್ ಹಿಡಿಯಬೇಕು, ಉದುರು ಮಣ್ಣಿನ ಮೇಲೆ ಚಕ್ರ ಜಾರದೆ ನಿಲ್ಲಬೇಕು. ಆಗುವ ಮಾತಲ್ಲ. 8 ಕಿಲೋಮೀಟರ್ ವೇಗದಲ್ಲಾದರೆ ನಾಲ್ಕೂವರೆ ಸೆಕೆಂಡ್ ಸಿಗುತ್ತದೆ. ನಿಲ್ಲಬಹುದು. ನಿಂತು ನಮಸ್ಕಾರವನ್ನೂ ಹೇಳಬಹುದು.

ಒಂದು ಶನಿವಾರ ಇಳಿಜಾರಿನಲ್ಲಿ ಬರುತ್ತಿದ್ದೆ. ದೂರದಲ್ಲಿ ಇಬ್ಬರು ಹಿರಿಯರು ನಡೆದು ಮೇಲೆ ಬರುತ್ತಿದ್ದರು. ಅವರಲ್ಲಿ ಆ ಅಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿ ಬಿಳೀ ಶೂ ಹಾಕಿಕೊಂಡಿದ್ದರು. ಯಜಮಾನರು ಅವರಿಗಿಂತ ಎರಡು ಹೆಜ್ಜೆ ಮುಂದೆ. ನಾನು ದೂರದಿಂದಲೇ ಬೆಲ್ ಹೊಡೆದು ಬ್ರೇಕ್ ಹಿಡಿದೆ. ಬೆಲ್ ಕೇಳಿದ್ದೇ ತಡ, ಆ ಅಮ್ಮ ಮುಂದೆ ಬಂದು ಯಜಮಾನರ ತೋಳು ಹಿಡಿದು ಎಳೆದರು. "ಬನ್ನಿ ಈ ಕಡೆ, ಸೈಕಲ್ ಬಂತು." ಇಬ್ಬರೂ ಹಾದಿ ಬಿಟ್ಟು ಪೊದೆಗೆ ಒರಗಿ ನಿಂತರು. ಕನ್ನಡ ಕೇಳಿ ಖುಷಿಯಾಯಿತು, ಆ ಪೊದೆ ನೋಡಿ ಗಾಬರಿಯಾಯಿತು.

"ಅಮ್ಮಾ, ಆ ಗಿಡ ಮುಟ್ಟಬೇಡಿ. ಈ ಕಡೆ ಬಂದುಬಿಡಿ. ನಾನು ನಿಂತಿದ್ದೀನಿ."

"ಅಯ್ಯೋ, ಕನ್ನಡದವರಾ! ಯಾವೂರಪ್ಪಾ?"

"ತುಮಕೂರು ಕಡೆ. ನೀವು?"

"ಹಾಸನ. ಮಗಳ ಮನೆಗೆ ಬಂದಿದ್ದೀವಿ." ಯಜಮಾನರು ಹಾದಿಗೆ ವಾಪಸ್ ಬಂದು ನನ್ನ ಸೈಕಲ್ಲನ್ನೂ ಅದರ ದಪ್ಪ ಟೈರನ್ನೂ ನೋಡಿದರು. "ಬೆಲ್ ಹೊಡೆದ್ಯಲ್ಲಪ್ಪಾ, ಅದಕ್ಕೇ ಸರಿದ್ವಿ."

"ಸರೀಲಿ ಅಂತ ಹೊಡೆದಿದ್ದಲ್ಲ ಸಾರ್. ಎದುರಿಗೆ ಒಬ್ಬ ಬರ್ತಿದ್ದಾನೆ ಅಂತ ನಿಮಗೆ ಗೊತ್ತಾಗ್ಲಿ ಅಂತ. ನಿಲ್ಲಬೇಕಾದೋನು ನಾನೇ."

"ಯಾಕೆ? ಜೋರಾಗಿ ಬರ್ತಿರೋನು ನೀನು, ಸರಿಯೋದು ನಮಗೇ ಸುಲಭ ಅಲ್ವಾ?"

"ಇಲ್ಲಿ ಹಾಗಲ್ಲ ಸಾರ್. ಸೈಕಲ್‌ನವರು ನಡೆಯೋರಿಗೆ ಬಿಡಬೇಕು. ಅದರ ಮೇಲೆ ನಾನು ಇಳೀತಿದ್ದೀನಿ, ನೀವು ಹತ್ತುತ್ತಿದ್ದೀರಿ."

ಅವರ ಮುಖ ಅರಳಿತು. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರಂತೆ. ವರ್ಷಗಟ್ಟಲೆ ಶಿರಾಡಿ ಘಾಟಿಯಲ್ಲಿ ಬಸ್ ಓಡಿಸಿದವರು. "ಹಾಂ, ಅದು ನಮಗೂ ಇತ್ತು. ಇಳಿಯೋ ಗಾಡಿ ನಿಲ್ಲಬೇಕು, ಹತ್ತೋ ಗಾಡಿಗೆ ಬಿಡಬೇಕು. ಹತ್ತೋ ಗಾಡಿ ಒಂದ್ಸಲ ನಿಂತ್ರೆ ಮತ್ತೆ ಎತ್ತೋದು ಕಷ್ಟ." ಘಟ್ಟದ ರಸ್ತೆಯಲ್ಲಿ ಎರಡು ಗಾಡಿಗೆ ಜಾಗ ಇಲ್ಲದ ಕಡೆ ಹತ್ತುವ ಗಾಡಿಗೆ ಮೊದಲ ಹಕ್ಕು ಅನ್ನುವುದು ನಮ್ಮ ದೇಶದ ರಸ್ತೆ ನಿಯಮದಲ್ಲೇ ಇದೆ. ಶಿರಾಡಿಯಲ್ಲಿ ಕಲಿತದ್ದು ಕ್ಯುಪರ್ಟಿನೊ ಗುಡ್ಡದಲ್ಲಿ ಅವರ ಉಪಯೋಗಕ್ಕೆ ಬಂತು. ಅವರು ಮೊದಲು ಹೋದರು, ನಾನು ಆಮೇಲೆ ಇಳಿದೆ.

ಆ ಪೊದೆಯ ವಿಷಯ ಹೇಳಲೇಬೇಕು. ಅದು ಪಾಯ್ಸನ್ ಓಕ್. ಒಂದು ತೊಟ್ಟಿಗೆ ಮೂರು ಎಲೆ. ವಸಂತದಲ್ಲಿ ಹಸಿರಾಗಿ ಹೊಳೆಯುತ್ತದೆ, ಬೇಸಿಗೆ ಕಳೆಯುವಾಗ ಕೆಂಪಾಗುತ್ತದೆ, ನೋಡೋಕೆ ಚೆಂದ. ನಮ್ಮ ಮಾವು, ಗೇರಿನ ಕುಟುಂಬಕ್ಕೇ ಸೇರಿದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಏನಾಗುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಇದರ ಎಣ್ಣೆಯೂ ಅದೇ ಜಾತಿಯದು. ಮುಟ್ಟಿದ ಒಂದೆರಡು ದಿನಕ್ಕೆ ಚರ್ಮ ಕೆಂಪಾಗಿ, ಗುಳ್ಳೆ ಎದ್ದು, ವಾರಗಟ್ಟಲೆ ಕೆರೆತ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ನಿಂತಿದ್ದರೂ ಆ ಕಡ್ಡಿಯಲ್ಲೂ ಎಣ್ಣೆ ಇರುತ್ತದೆ. ಬಟ್ಟೆಗೆ, ಶೂ ಲೇಸಿಗೆ, ನಾಯಿಯ ಕೂದಲಿಗೆ ಅಂಟಿಕೊಂಡು ಮನೆಗೂ ಬರುತ್ತದೆ. ಹುಲ್ಲಿನಲ್ಲಿ ಉಣ್ಣಿ ಬೇರೆ. ಬಿಸಿಲಿನ ದಿನ ಹಾದಿಯಂಚಿನಲ್ಲಿ ರ್ಯಾಟಲ್ ಸ್ನೇಕ್ ಅನ್ನುವ ವಿಷದ ಹಾವು ಮಲಗಿರಬಹುದು.

ಹಾಗಾಗಿ ಇಲ್ಲಿ ನಡೆಯುವವರಿಗೆ "ಸ್ವಲ್ಪ ಸರೀರಿ" ಅನ್ನುವುದು ಸಣ್ಣ ಮಾತಲ್ಲ. ಸೈಕಲ್ ಮೇಲಿರುವವರಿಗೆ ಉಳಿಯುವುದು ಹತ್ತು ಸೆಕೆಂಡ್. ಪಕ್ಕಕ್ಕೆ ಕಾಲಿಟ್ಟವರಿಗೆ ಎರಡು ವಾರದ ತೊಂದರೆ ಆಗಬಹುದು. ಈ ಲೆಕ್ಕ ಗೊತ್ತಾದ ಮೇಲೆ ಬೋರ್ಡಿನ ಬಾಣಗಳು ಯಾಕೆ ಆ ಕಡೆಗೇ ತಿರುಗಿವೆ ಅಂತ ಕೇಳುವ ಹಾಗೇ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿರುವುದು ಬೇರೆ ಒಂದು ವಿಷಯ. ಸೈಕಲ್‌ನವರನ್ನು ಕೇಳಿ, ನಡೆಯುವವರಿಂದ ನಿಮಗೆ ತೊಂದರೆ ಇದೆಯಾ ಅಂತ. ಏನಿಲ್ಲ, ಎಲ್ಲ ಒಳ್ಳೆಯವರು ಅನ್ನುತ್ತಾರೆ. ನಡೆಯುವವರನ್ನು ಕೇಳಿ, ಸೈಕಲ್‌ನವರಿಂದ ತೊಂದರೆ ಇದೆಯಾ ಅಂತ. ಅರ್ಧ ಗಂಟೆ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರ ಪಕ್ಕದಲ್ಲಿ ಒಂದು ಮೊಳ ಬಿಟ್ಟು ಸರಕ್ಕನೆ ಹೋದವರಿಗೆ ಅದು ಒಳ್ಳೆಯ ಹಿಡಿತ, ಯಾರಿಗೂ ತಾಗಲಿಲ್ಲ ಅನ್ನುವ ಸಮಾಧಾನ. ಆ ಒಂದು ಮೊಳದ ಈಚೆ ನಿಂತವರಿಗೆ ಎದೆ ಧಸಕ್ ಅಂದಿರುತ್ತದೆ. ಅಪಘಾತದ ಲೆಕ್ಕದಲ್ಲಿ ಇದು ಎಲ್ಲೂ ಬರುವುದಿಲ್ಲ. ಯಾರೂ ಬೀಳಲಿಲ್ಲ, ರಕ್ತ ಬರಲಿಲ್ಲ. ಆದರೆ ಹಾಗೆ ಬೆಚ್ಚಿದ ಅಜ್ಜಿ ಮುಂದಿನ ವಾರ ಆ ಹಾದಿಗೆ ಬರುವುದಿಲ್ಲ. ಬರದೇ ಹೋದವರನ್ನು ಎಣಿಸುವವರು ಯಾರು? ಜೋರಾಗಿ ಹೋಗುವವರು ತಮ್ಮ ವೇಗವನ್ನು ತಮ್ಮ ಹಿಡಿತದಿಂದ ಅಳೆಯಬಾರದು, ಎದುರಿನವರು ಎಷ್ಟು ಬೆಚ್ಚುತ್ತಾರೆ ಅನ್ನುವುದರಿಂದ ಅಳೆಯಬೇಕು. ಇದನ್ನು ನಾನು ಅಮ್ಮನ ಜೊತೆ ನಡೆದ ಮೇಲೆಯೇ ಪೂರ್ತಿ ಒಪ್ಪಿದ್ದು. ಹಿಂದೆ ಚಕ್ರ ಜಲ್ಲಿ ತುಳಿಯುವ ಸದ್ದು ಕೇಳಿದರೆ ಸಾಕು, ಅವರ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಈ ಜಗಳ ಮೌಂಟನ್ ಬೈಕ್‌ನಷ್ಟೇ ಹಳೆಯದು. ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರೀನ್ ಕೌಂಟಿ. ಅಲ್ಲಿನ ಮೌಂಟ್ ಟ್ಯಾಮಲ್ಪೈಸ್ ಸುತ್ತಮುತ್ತಲೇ ಈ ಆಟ ಬೆಳೆದದ್ದು. 1970ರ ದಶಕದಲ್ಲಿ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮತ್ತು ಅವರ ಗೆಳೆಯರು ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್‌ಗಳನ್ನು ಹುಡುಕಿ ತಂದು ಗುಡ್ಡದಿಂದ ಇಳಿಸುತ್ತಿದ್ದರು. 1976ರಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಒಂದು ಕಡಿದಾದ ಮಣ್ಣಿನ ರಸ್ತೆಯಲ್ಲಿ ರೇಸ್ ಶುರು ಮಾಡಿದರು. ಆ ಸೈಕಲ್‌ಗಳಿಗೆ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್. ಒಂದೇ ಇಳಿತದಲ್ಲಿ ಚಕ್ರದ ನಡುವಿನ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದ ಮೇಲೆ ಮತ್ತೆ ಗ್ರೀಸ್ ತುಂಬಬೇಕಾಗಿತ್ತು. ಅದಕ್ಕೇ ಆ ರಸ್ತೆಗೆ ರೀಪ್ಯಾಕ್ ಅನ್ನುವ ಹೆಸರು ಬಂತು. ಈಗ ಫೇರ್‌ಫ್ಯಾಕ್ಸ್‌ನಲ್ಲಿ ಇದಕ್ಕೆಲ್ಲ ಒಂದು ಮ್ಯೂಸಿಯಂ ಇದೆ. ಸೈಕಲ್ ಹುಚ್ಚಿರುವವರು ಈ ಕಡೆ ಬಂದರೆ ತಪ್ಪದೆ ನೋಡಿ.

ಆದರೆ ಆ ಗುಡ್ಡದಲ್ಲಿ ಅದಕ್ಕೂ ಎಷ್ಟೋ ಮುಂಚಿನಿಂದ ಜನ ನಡೆಯುತ್ತಿದ್ದರು, ಕುದುರೆ ಮೇಲೆ ಹೋಗುತ್ತಿದ್ದರು. ಸೈಕಲ್ ಹೆಚ್ಚಾದ ಹಾಗೆ ದೂರುಗಳೂ ಹೆಚ್ಚಾದವು. 1980ರ ದಶಕದಲ್ಲಿ ಒಂದೊಂದೇ ಕಡೆ ನಿಷೇಧ ಬಂತು. ಈ ಆಟದ ತವರಿನಲ್ಲೇ, ಟ್ಯಾಮಲ್ಪೈಸ್‌ನ ಹೆಚ್ಚಿನ ಕಿರುಹಾದಿಗಳು ದಶಕಗಟ್ಟಲೆ ಸೈಕಲ್‌ಗೆ ಮುಚ್ಚಿದವು. ಕಾಡ್ಗಿಚ್ಚು ಆರಿಸುವ ಗಾಡಿಗಳಿಗೆ ಅಂತ ಮಾಡಿದ ಅಗಲದ ಫೈರ್ ರೋಡ್‌ಗಳಷ್ಟೇ ಉಳಿದವು. 1988ರಲ್ಲಿ, ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಹೋಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ಗೂ ಸೈಕಲ್ ನಿಷೇಧವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕೆಲವು ಸೈಕಲ್ ಕ್ಲಬ್‌ಗಳು ಸೇರಿ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಕಟ್ಟಿದವು. ಹಾದಿ ಬೇಕಾದರೆ ಮೊದಲು ನಾವು ಸರಿಯಾಗಿ ನಡೆದುಕೊಳ್ಳಬೇಕು, ಹಾದಿ ಕಟ್ಟುವ ಕೆಲಸಕ್ಕೂ ಕೈ ಹಾಕಬೇಕು ಅಂತ ಅವರು ಹಿಡಿದ ದಾರಿ ನನಗೆ ತುಂಬ ಇಷ್ಟ. ಬರೀ ಹಕ್ಕು ಹಕ್ಕು ಅಂತ ಕೂಗಿದ್ದರೆ ಇವತ್ತು ನಮಗೆ ಇಷ್ಟು ಹಾದಿ ಸಿಗುತ್ತಿರಲಿಲ್ಲ. ಮರೀನ್‌ನಲ್ಲೂ ಆಮೇಲೆ ನಡೆಯುವವರು, ಕುದುರೆಯವರು, ಸೈಕಲ್‌ನವರು ಒಟ್ಟಿಗೆ ಕೂತು ಒಂದು ಪ್ರಚಾರ ಶುರು ಮಾಡಿದರು. ನಿಧಾನ ಮಾಡಿ, ಹಲೋ ಹೇಳಿ. ಅಷ್ಟೇ ಅದರ ತಿರುಳು.

ಆ ಹಲೋ ಸಣ್ಣದಲ್ಲ. ನಮ್ಮ ಗುಂಪಿನಲ್ಲಿ ಒಂದು ರೂಢಿ ಇದೆ. ದೂರದಿಂದಲೇ ಬೆಲ್, ಹತ್ತಿರ ಬಂದ ಮೇಲೆ ಮಾತು. ಮುಂದಿರುವವರು ಎದುರಿನವರಿಗೆ ಹಿಂದೆ ಇನ್ನೂ ಎಷ್ಟು ಜನ ಇದ್ದಾರೆ ಅಂತ ಹೇಳುತ್ತಾರೆ. "ಇನ್ನೂ ಮೂವರು ಬರ್ತಿದ್ದಾರೆ." ಕೊನೆಯವರು "ನಾನೇ ಕೊನೆ, ಥ್ಯಾಂಕ್ಸ್" ಅನ್ನುತ್ತಾರೆ. ಇದಿಲ್ಲದಿದ್ದರೆ ಒಂದು ಸೈಕಲ್ ಹೋಯಿತು ಅಂತ ಹಾದಿಗೆ ಕಾಲಿಟ್ಟವರ ಮೇಲೆ ಎರಡನೆಯದು ಬಂದು ಬೀಳುತ್ತದೆ. ಇಲ್ಲಿ ತುಂಬ ಜನ "ನಿಮ್ಮ ಎಡಕ್ಕೆ ಬರ್ತಿದ್ದೀನಿ" ಅಂತ ಕೂಗುವುದುಂಟು. ನನಗೆ ಅದು ಸರಿ ಬರುವುದಿಲ್ಲ. ಗಾಬರಿಯಲ್ಲಿ ಅರ್ಧ ಜನ ಎಡಕ್ಕೇ ಸರಿಯುತ್ತಾರೆ. ಅದಕ್ಕಿಂತ ಒಂದು ಗುಡ್ ಮಾರ್ನಿಂಗ್ ಹೇಳಿ, ಅವರು ತಿರುಗಿ ನೋಡುವವರೆಗೆ ಕಾದು, ಅವರು ಯಾವ ಕಡೆ ನಿಂತರೋ ಅದರ ಇನ್ನೊಂದು ಕಡೆಯಿಂದ ಹೋಗುವುದು ಒಳ್ಳೆಯದು.

ಕುದುರೆಯ ವಿಷಯದಲ್ಲಿ ಮಾತು ಇನ್ನೂ ಮುಖ್ಯ. ಮೊದಮೊದಲು ಕುದುರೆ ಕಂಡರೆ ನಾನು ಸದ್ದಿಲ್ಲದೆ ಪಕ್ಕಕ್ಕೆ ನಿಲ್ಲುತ್ತಿದ್ದೆ, ಬೆದರಬಾರದು ಅಂತ. ಒಬ್ಬ ಹೆಂಗಸು ಕುದುರೆ ಮೇಲಿಂದಲೇ ಹೇಳಿದರು, "ದಯವಿಟ್ಟು ಏನಾದರೂ ಮಾತಾಡಿ, ಸುಮ್ಮನಿರಬೇಡಿ" ಅಂತ. ಹೆಲ್ಮೆಟ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ, ಅಲ್ಲಾಡದೆ ನಿಂತ ಆಕಾರ ಕುದುರೆಯ ಕಣ್ಣಿಗೆ ಹೊಂಚು ಹಾಕಿದ ಮೃಗ. ದನಿ ಕೇಳಿದರೆ ಮನುಷ್ಯ ಅಂತ ಗೊತ್ತಾಗುತ್ತದೆ. ಇಳಿಜಾರಿನ ಹಾದಿಯಾದರೆ ಕೆಳಗಿನ ಪಕ್ಕಕ್ಕೆ ನಿಲ್ಲಬೇಕು, ಮೇಲಿನ ಪಕ್ಕಕ್ಕಲ್ಲ. ಮೇಲಿಂದ ಎರಗುವ ಪ್ರಾಣಿಯ ಭಯ ಅದರ ಮೈಯಲ್ಲೇ ಇದೆ. ನಾನು ಅವತ್ತು ಬಾಯಿಗೆ ಬಂದದ್ದನ್ನು ಕನ್ನಡದಲ್ಲೇ ಮಾತಾಡಿದೆ. ಕುದುರೆ ಒಂದು ಕಿವಿ ನನ್ನ ಕಡೆ ತಿರುಗಿಸಿ, ತಲೆ ತಗ್ಗಿಸಿಕೊಂಡು ಹೋಯಿತು.

ನಿಯಮದ ಜೊತೆಗೆ ಹಾದಿಯೂ ಸರಿಯಾಗಿರಬೇಕು. ಇದು ನನಗೆ ಗೊತ್ತಾಗಿದ್ದು ಹಾದಿ ರಿಪೇರಿಗೆ ಸ್ವಯಂಸೇವಕನಾಗಿ ಹೋಗೋಕೆ ಶುರು ಮಾಡಿದ ಮೇಲೆ. ಬೆಳಿಗ್ಗೆ ಹೆಲ್ಮೆಟ್, ಗ್ಲೌಸ್ ಕೊಡುತ್ತಾರೆ. ಕೈಗೆ ಬರುವ ಮುಖ್ಯ ಸಾಮಾನು ಮೆಕ್ಲೌಡ್. ಒಂದು ಬದಿ ಅಗಲದ ಗುದ್ದಲಿ, ಇನ್ನೊಂದು ಬದಿ ದಪ್ಪ ಹಲ್ಲಿನ ಕುಂಟೆ. ಮೆಕ್ಲೌಡ್ ಅನ್ನುವ ಒಬ್ಬ ಫಾರೆಸ್ಟ್ ರೇಂಜರ್ 1905ರಲ್ಲಿ ಕಾಡ್ಗಿಚ್ಚು ತಡೆಯೋಕೆ ಅಂತ ಮಾಡಿದ್ದು. ಅದರ ಚಪ್ಪಟೆ ತಳದಿಂದ ಮಣ್ಣು ಬಡಿದು ಗಟ್ಟಿ ಮಾಡಬಹುದು.

ಒಂದು ಸಲ ನಮಗೆ ಸಿಕ್ಕ ಕೆಲಸ ಒಂದು ತಿರುವಿನ ಒಳಮೈಯ ಪೊದೆ ಕತ್ತರಿಸುವುದು. ನನಗೆ ಅದು ಸಾಕು ಅನ್ನಿಸಿತ್ತು, ತಿರುವಿನಾಚೆ ನಿಂತವರು ಚೆನ್ನಾಗಿ ಕಾಣುತ್ತಿದ್ದರು. ನಮ್ಮ ಮೇಲ್ವಿಚಾರಕಿ ಆಚೆ ಹೋಗಿ ಮಂಡಿಯೂರಿ ಕೂತರು. "ಈಗ ಕಾಣ್ತೀನಾ?" ಕಾಣಲಿಲ್ಲ. "ಐದು ವರ್ಷದ ಮಗು ಇಷ್ಟೇ ಎತ್ತರ" ಅಂದರು. ಮತ್ತೆ ಅರ್ಧ ಗಂಟೆ ಕತ್ತರಿಸಿದೆವು. ಆಮೇಲೆ ತಿರುವಿಗೆ ಸ್ವಲ್ಪ ಮೇಲೆ ಹಾದಿಯ ಎರಡೂ ಬದಿಗೆ ಒಂದೊಂದು ದೊಡ್ಡ ಕಲ್ಲು ಉರುಳಿಸಿ ಅರ್ಧ ಹೂತೆವು. ಹಾದಿ ಅಲ್ಲಿ ಕಿರಿದಾಯಿತು. ಕಿರಿದಾದ ಕಡೆ ಸೈಕಲ್‌ನವರ ಬೆರಳು ತಾನಾಗಿ ಬ್ರೇಕ್ ಮೇಲೆ ಬರುತ್ತದೆ. ಬೋರ್ಡೂ ಬೇಡ, ರೇಂಜರೂ ಬೇಡ. ಹಾಗೆಯೇ ಇಳಿಜಾರಿನ ನಡುವೆ ಒಂದು ಸಣ್ಣ ಏರು ಕೊಟ್ಟರೆ ಸೈಕಲ್ ವೇಗವೂ ಮುರಿಯುತ್ತದೆ, ಮಳೆ ನೀರೂ ಹಾದಿಯುದ್ದಕ್ಕೆ ಹರಿಯದೆ ಪಕ್ಕಕ್ಕೆ ಹೋಗುತ್ತದೆ. ಒಂದು ಗುದ್ದಲಿ ಕೆಲಸದಿಂದ ಎರಡು ಉಪಕಾರ. ಅವತ್ತು ನನ್ನ ಪಕ್ಕ ಮಣ್ಣು ಎಳೆಯುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅವರು ಸೈಕಲ್ ಹತ್ತುವವರಲ್ಲ, ಬರೀ ನಡೆಯುವವರು. ಅವರ ಆಚೆ ಹೈಸ್ಕೂಲಿನ ಇಬ್ಬರು ಹುಡುಗರು, ಸೈಕಲ್ ರೇಸಿನ ತಂಡದವರು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಆ ಹುಡುಗರಿಗೆ ಕಿತ್ತಳೆ ಹಣ್ಣು ಬಿಡಿಸಿ ಕೊಡುತ್ತಿದ್ದರು. ಆ ಹುಡುಗರು ಇನ್ನು ಆ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಹೋಗುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಎಲ್ಲ ಕಡೆ ಒಟ್ಟಿಗೇ ಇರಬೇಕು ಅಂತಲೂ ಇಲ್ಲ. ತಾಹೋ ಸರೋವರದ ಸುತ್ತ ಇರುವ ತಾಹೋ ರಿಮ್ ಟ್ರೇಲ್‌ನ ಒಂದು ಭಾಗದಲ್ಲಿ, ತಾಹೋ ಮೆಡೋಸ್ ಕಡೆಯಿಂದ ಟನಲ್ ಕ್ರೀಕ್‌ವರೆಗೆ, ಸೈಕಲ್‌ಗೆ ಸಮ ಸಂಖ್ಯೆಯ ತಾರೀಕುಗಳಲ್ಲಿ ಮಾತ್ರ ಬಿಡುತ್ತಾರೆ. ಇವತ್ತು 14 ಆದರೆ ಹೋಗಬಹುದು, 15 ಆದರೆ ಇಲ್ಲ. ಕೊಲರಾಡೊದ ಬೋಲ್ಡರ್ ಹತ್ತಿರ ಬೆಟಾಸೊ ಅನ್ನುವ ಕಡೆ ಬುಧವಾರ, ಶನಿವಾರ ಸೈಕಲ್‌ಗೆ ರಜೆ. ಉಳಿದ ದಿನ ಸೈಕಲ್‌ಗಳೆಲ್ಲ ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಇದು ಒಳ್ಳೆಯ ಏರ್ಪಾಡು ಅಂತಲೇ ನನಗೆ ಅನ್ನಿಸುತ್ತದೆ. ಭಯ ಇರುವವರಿಗೆ ನಿಶ್ಚಿಂತೆಯಿಂದ ನಡೆಯುವ ಒಂದು ದಿನ ಸಿಕ್ಕ ಹಾಗಾಯಿತು. ಸೈಕಲ್‌ನವರಿಗೂ ಎದುರು ಯಾರಾದರೂ ಬಂದಾರು ಅನ್ನುವ ಚಿಂತೆ ಕಡಿಮೆ. ಆದರೆ ಊರಿನ ಪಕ್ಕದ ಸಣ್ಣ ಗುಡ್ಡಗಳಲ್ಲಿ, ಕೆಲಸ ಮುಗಿಸಿ ಒಂದು ಗಂಟೆ ಬರುವವರಿಗೆ ತಾರೀಕು ನೋಡಿ ಬನ್ನಿ ಅನ್ನುವುದು ಕಷ್ಟ. ಅಲ್ಲಿ ಒಟ್ಟಿಗೇ ಇರುವುದನ್ನು ಕಲಿಯಬೇಕು.

ನಡೆಯುವವರೂ ಓಡುವವರೂ ಮಾಡಬೇಕಾದ್ದು ಸ್ವಲ್ಪ ಇದೆ. ಇದನ್ನು ಓಡುವವನಾಗಿ ಹೇಳುತ್ತಿದ್ದೇನೆ. ಎರಡೂ ಕಿವಿಗೆ ಇಯರ್‌ಫೋನ್ ತುಂಬಿಕೊಂಡರೆ ಬೆಲ್ ಹೊಡೆದೂ ಪ್ರಯೋಜನವಿಲ್ಲ. ಒಂದು ಕಿವಿ ಖಾಲಿ ಬಿಡಿ. ನಾಲ್ಕು ಜನ ಸಾಲಾಗಿ ಹಾದಿ ತುಂಬ ನಡೆಯುವುದು ನಮ್ಮವರಿಗೆ ಇಷ್ಟ, ಮಾತು ಚೆನ್ನಾಗಿ ಆಗುತ್ತದೆ. ಅಗಲದ ಕಡೆ ಹಾಗೇ ಮಾಡಿ, ತಿರುವಿನಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರು ಬನ್ನಿ. ನಾಯಿಯ ಹಗ್ಗ ಉದ್ದ ಬಿಟ್ಟು ನಾಯಿ ಆ ಕಡೆ, ನೀವು ಈ ಕಡೆ ನಿಂತರೆ ನಡುವಿನ ಹಗ್ಗ ಸೈಕಲ್‌ನವರ ಕಣ್ಣಿಗೆ ಬೀಳುವುದಿಲ್ಲ. ಇನ್ನು, ಸೈಕಲ್‌ನವರು ಏದುಸಿರು ಬಿಡುತ್ತಾ ಏರು ಹತ್ತುತ್ತಿದ್ದರೆ, ಪಕ್ಕದಲ್ಲಿ ಒಳ್ಳೆಯ ಜಾಗ ಇದ್ದರೆ ನಾನೇ ನಿಂತು ಹೋಗಿ ಅಂತ ಕೈ ತೋರಿಸುತ್ತೇನೆ. ಅದು ಕರ್ತವ್ಯ ಅಲ್ಲ, ಪ್ರೀತಿ. ಆ ಏರಿನಲ್ಲಿ ಕಾಲು ಊರಿದರೆ ಮತ್ತೆ ಹತ್ತುವುದು ಎಷ್ಟು ಕಷ್ಟ ಅಂತ ಗೊತ್ತಲ್ವಾ?

ಈಗ ಹೊಸ ಪ್ರಶ್ನೆ ಬಂದಿದೆ, ಬ್ಯಾಟರಿ ಸೈಕಲ್. ನಮ್ಮ ಮಿಡ್‌ಪೆನಿನ್ಸುಲಾ ಸಂಸ್ಥೆ 2022ರಲ್ಲಿ ಮಣ್ಣಿನ ಹಾದಿಗಳಲ್ಲಿ ಅದು ಬೇಡ ಅನ್ನುವ ನಿರ್ಧಾರವನ್ನೇ ಉಳಿಸಿಕೊಂಡಿತು. ಮಂಡಿ ನೋವಿನ ಹಿರಿಯರಿಗೆ ಅದೊಂದು ವರ. ಅವರಿಗಾಗಿ ಕೆಲವು ಅಗಲದ ಹಾದಿಗಳನ್ನಾದರೂ ತೆರೆಯಬೇಕು ಅಂತ ನನ್ನ ಆಸೆ. ಆದರೆ ಕಿರಿದಾದ ಏರಿನಲ್ಲಿ ಹಿಂದಿನಿಂದ ಸೈಕಲ್ ಅಷ್ಟು ವೇಗದಲ್ಲಿ ಬರುತ್ತದೆ ಅಂತ ನಡೆಯುವವರು ಅಂದುಕೊಂಡೇ ಇರುವುದಿಲ್ಲ. ಅವರ ಭಯವೂ ಲೆಕ್ಕಕ್ಕೆ ಬರಬೇಕು.

ಬೆಂಗಳೂರಿನಲ್ಲಿದ್ದಾಗ ತುರಹಳ್ಳಿ ಕಾಡಿಗೆ ಹೋಗುತ್ತಿದ್ದೆ. ಅಲ್ಲೂ ಬಂಡೆ ಹತ್ತುವವರು, ಓಡುವವರು, ಹಕ್ಕಿ ನೋಡುವವರು, ಸೈಕಲ್‌ನವರು ಎಲ್ಲ ಒಂದೇ ಹಾದಿಯಲ್ಲಿ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಕಾಡು ಕಾಡಾಗಿಯೇ ಇರಲಿ ಅಂತ ಜನ ಬೀದಿಗಿಳಿದರು. ಒಂದೇ ಹಾದಿ ಬಳಸುವವರು ಒಂದಾದರೆ ಏನಾಗುತ್ತದೆ ಅಂತ ದೂರದಿಂದ ನೋಡಿ ಹೆಮ್ಮೆಪಟ್ಟೆ. ಅಲ್ಲಿ ಸೈಕಲ್ ಹೊಡೆಯುವ ಗೆಳೆಯರಿಗೆ ನನ್ನದೊಂದೇ ಕೋರಿಕೆ. ಹ್ಯಾಂಡಲ್‌ಗೆ ಒಂದು ಒಳ್ಳೆಯ ಬೆಲ್ ಹಾಕಿ, ಹೊಡೆದ ಮೇಲೆ ನೀವೇ ನಿಧಾನ ಮಾಡಿ. ನಮ್ಮೂರಿನ ರಸ್ತೆಯಲ್ಲಿ ಹಾರ್ನ್ ಕೇಳಿದರೆ ಸರಿಯಬೇಕು ಅಂತ ಎಲ್ಲರಿಗೂ ಅಭ್ಯಾಸವಾಗಿದೆ, ಪಾಪ. ಕಾಡಿನ ಹಾದಿಯಲ್ಲಾದರೂ ಆ ಅಭ್ಯಾಸ ತಿರುಗಲಿ.

ಈ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳುವವರು ತುಂಬ ಜನ ಇದ್ದೀರಿ. ಸೈಕಲ್ ಕಂಡರೆ ಅವರಿಗೆ ಭಯವಾದರೆ ಮೊದಲು ರಾಂಚೊ ಸ್ಯಾನ್ ಆಂಟೋನಿಯೊಗೆ ಕರೆದುಕೊಂಡು ಹೋಗಿ. ಅಲ್ಲಿ ಹೆಚ್ಚಿನ ಮಣ್ಣಿನ ಹಾದಿಗಳಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ. ಡೀರ್ ಹಾಲೊ ಫಾರ್ಮ್‌ನಲ್ಲಿ ದನ, ಆಡು, ಕೋಳಿ ಇವೆ, ನಮ್ಮ ಹಿರಿಯರಿಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಧೈರ್ಯ ಬಂದ ಮೇಲೆ ವಾರದ ದಿನ ಬೆಳಿಗ್ಗೆ ಫ್ರೀಮಾಂಟ್ ಓಲ್ಡರ್‌ಗೆ ಬನ್ನಿ, ಆಗ ಸೈಕಲ್ ಕಡಿಮೆ. ಚಪ್ಪಲಿ ಬೇಡ, ಶೂ ಹಾಕಿಸಿ. ಮೂರೆಲೆಯ ಗಿಡ ತೋರಿಸಿಕೊಡಿ. ಬೆಲ್ ಕೇಳಿದರೆ ಓಡಬೇಡಿ, ನಿಂತಲ್ಲೇ ನಿಂತು ತಿರುಗಿ ನೋಡಿ, ಅವರೇ ನಿಧಾನ ಮಾಡುತ್ತಾರೆ ಅಂತ ಮನೆಯಲ್ಲೇ ಹೇಳಿ ಕರೆದುಕೊಂಡು ಬನ್ನಿ. ಶನಿವಾರ ಬರುವುದಾದರೆ ಬೆಳಿಗ್ಗೆ ಬೇಗ ಹೊರಡಿ, ತಡವಾದರೆ ಎರಡೂ ಕಡೆ ಪಾರ್ಕಿಂಗ್ ಸಿಗುವುದು ಕಷ್ಟ.